ಹೊಲಿಗೆಯ ಒಳಮೈ

ಬೇಸಗೆಯ ರಜೆ ಮುಗಿಯುತ್ತ ಬಂದಿತು. ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳ ಬಾಗಿಲು ತೆರೆಯುವುದು. ಪುಸ್ತಕ, ಕೊಡೆ, ಚೀಲಗಳೊಡನೆ ಸಮವಸ್ತ್ರದ ಬಟ್ಟೆಯೂ ಮನೆಮನೆಗೆ ಬಂದು, ದರ್ಜಿಗಳ ಅಂಗಡಿಗಳಲ್ಲಿ ಗಂಟುಗಂಟಾಗಿ ಬಿದ್ದಿರುವ ಕಾಲವಿದು. ಆದಕಾರಣ ಈ ಸಂಚಿಕೆಯಲ್ಲಿ ನಾವು ಉಡುಪಿನ ಹೊಲಿಗೆಯನ್ನು ಕುರಿತು, ಅದರಲ್ಲಿಯೂ ಹೊಲಿಗೆಯ ಒಳಬದಿಯಲ್ಲಿ ಕಟ್ಟತಕ್ಕ ಅಂಚುಪಟ್ಟಿಯನ್ನು ಕುರಿತು, ನಾಲ್ಕು ಮಾತುಗಳನ್ನು ಬರೆಯಬೇಕೆಂದಿರುವೆವು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಪಂಡಿತನಿಗೆ ಸೂಜಿದಾರದ ಗೊಡವೆಯೇಕೆಂದು ಕೆಲವರು ನಗಬಹುದು. ನಗಲಿ. ಸೂಜಿಗೆ ನೂಲು ಪೋಣಿಸುವುದಕ್ಕೆ ಈಗ ನಮ್ಮ ಕನ್ನಡಕವೂ ಸಾಲದೆಂಬುದು ನಿಜವೇ. ಆದರೆ ಈ ವಿಷಯದಲ್ಲಿ ನಾವು ತಿಳಿದುಕೊಂಡದ್ದರಲ್ಲಿ ಅರ್ಧವು ಮನೆಯ ಹೊಲಿಗೆಯಂತ್ರದ ಪಕ್ಕದಲ್ಲಿ ಕುಳಿತು ನೋಡಿದ್ದು. ಮಿಕ್ಕರ್ಧವು ನಮ್ಮದೇ ಒಂದು ತಪ್ಪಿನಿಂದ ಕಲಿತದ್ದು. ಕಣ್ಣಿನಿಂದ ಕಲಿತದ್ದು ಮರೆತುಹೋದೀತು. ತಪ್ಪಿನಿಂದ ಕಲಿತದ್ದು ಮರೆಯುವುದಿಲ್ಲ.

ನಮ್ಮ ಹಿಂದಿನವರು ಈ ವಿದ್ಯೆಯನ್ನು ಕೀಳಾಗಿ ಎಣಿಸಿದಂತೆ ತೋರುವುದಿಲ್ಲ. ಅಮರಕೋಶವು ದರ್ಜಿಗೆ ಎರಡು ಹೆಸರುಗಳನ್ನು ಕೊಡುತ್ತದೆ: ತುನ್ನವಾಯ, ಸೌಚಿಕ. ಸೂಚಿ ಎಂದರೆ ಸೂಜಿ; ಅದರಿಂದ ಬಾಳುವವನು ಸೌಚಿಕ. ತುನ್ನವಾಯನೆಂಬ ಹೆಸರು ಇನ್ನೂ ಸೊಗಸಾಗಿದೆ. ತುನ್ನವೆಂದರೆ ಪೆಟ್ಟುತಿಂದದ್ದು, ಕಡಿದುಹೋದದ್ದು; ಅದನ್ನು ಮತ್ತೆ ನೇಯುವವನು ತುನ್ನವಾಯ. ನೇಕಾರನು ಒಮ್ಮೆ ನೇಯ್ದ ಬಟ್ಟೆಯನ್ನು ನಾವು ಕತ್ತರಿಯಿಂದ ತುಂಡು ತುಂಡು ಮಾಡುವೆವು. ಆ ತುಂಡುಗಳನ್ನು ಪುನಃ ಒಂದು ಮಾಡುವ ಎರಡನೆಯ ನೇಯ್ಗೆಯೇ ಹೊಲಿಗೆ. ಮೊದಲನೆಯ ನೇಯ್ಗೆಯ ಬಣ್ಣವನ್ನೂ ಜರಿಯನ್ನೂ ಬೆಳಕಿಗೆ ಹಿಡಿದು ನೋಡುವ ನಾವು, ಎರಡನೆಯ ನೇಯ್ಗೆಯ ಒಳಮೈಯನ್ನು ತಿರುಗಿಸಿ ನೋಡುವುದೇ ಇಲ್ಲ. ಉಡುಪು ಎಷ್ಟು ದಿನ ಬಾಳುವುದೆಂಬುದು ನಿಶ್ಚಯವಾಗುವುದು ಮಾತ್ರ ಆ ಒಳಮೈಯಲ್ಲಿಯೇ.

ಮೇಲೆ ಹೇಳಿದ ತಪ್ಪನ್ನು ಮೊದಲು ಹೇಳಿಬಿಡುವೆವು. 1994ನೆಯ ಇಸವಿಯ ಮಾತು. ಆಗ ನಾವು ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿದ್ದೆವು. ಸಂಸ್ಕೃತದ ಜೊತೆಗೆ ಕನ್ನಡ ವ್ಯಾಕರಣದ ಪಾಠವೂ ನಮ್ಮ ಪಾಲಿಗೆ ಬಂದಿತ್ತು. ಎಂಟನೆಯ ತರಗತಿಯಲ್ಲಿ ಒಬ್ಬ ಬಾಲಿಕೆಯಿದ್ದಳು. ಬುದ್ಧಿವಂತೆ, ಹೆಚ್ಚು ಮಾತನಾಡದವಳು. ಸಂಧಿಪ್ರಕರಣ ನಡೆಯುತ್ತಿದ್ದ ಒಂದು ದಿನ ಆಕೆಯನ್ನು ಎಬ್ಬಿಸಿ, ಕಪ್ಪುಹಲಗೆಯ ಮೇಲೆ ಒಂದು ಪದವನ್ನು ಬಿಡಿಸಿ ಬರೆಯೆಂದೆವು. ಆಕೆ ನಿಂತ ಸ್ಥಳದಿಂದಲೇ ಬಾಯಲ್ಲಿ ಉತ್ತರ ಹೇಳಿದಳು. ಉತ್ತರದಲ್ಲಿ ತಪ್ಪಿರಲಿಲ್ಲ. ಹಲಗೆಯ ಬಳಿಗೆ ಬಾ ಎಂದೆವು, ಬರಲಿಲ್ಲ. ಮತ್ತೆ ಕರೆದೆವು; ಬಲಗೈಯನ್ನು ಪಕ್ಕೆಗೆ ಒತ್ತಿಕೊಂಡು ನೆಲವನ್ನು ನೋಡುತ್ತ ನಿಂತಳು. ನಮಗೆ ಅದು ಅವಿಧೇಯತೆಯೆಂದು ಕಂಡಿತು. “ಬಾಯಿಗೆ ಬಂದ ಸಂಧಿ ಕೈಗೆ ಬಾರದೋ? ಕೈಗೇನು ಮದುವೆಯ ಬಳೆ ತೊಡಿಸಿದ್ದಾರೆಯೋ?” ಎಂದೆವು. ತರಗತಿಯೆಲ್ಲ ನಕ್ಕಿತು. ಮರುದಿನ ಆಕೆ ಶಾಲೆಗೆ ಬರಲಿಲ್ಲ; ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ರಾತ್ರಿ ಊಟದ ಸಮಯದಲ್ಲಿ ನಮ್ಮ ಮನೆಯವರು, “ಏನೂಂದ್ರೆ, ಆ ಮೂಲೆಮನೆಯ ಹುಡುಗಿಯನ್ನು ತರಗತಿಯಲ್ಲಿ ಏನಾದರೂ ಅಂದಿರಾ?” ಎಂದು ಕೇಳಿದರು. ನಡೆದುದನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳ ರವಿಕೆ ಕಂಕುಳಲ್ಲಿ ಪಿಸಿದುಹೋಗಿದೆ. ಕೈ ಎತ್ತಿದರೆ ಮೈ ಕಾಣುತ್ತದೆ. ಇರುವುದು ಅದೊಂದೇ ಬಿಳಿಯ ರವಿಕೆ. ನೀವು ಹಲಗೆಗೆ ಕರೆದರೆ ಅವಳು ಹೇಗೆ ಬಂದಾಳು?” ಎಂದರು. ಅಂದು ನಮಗೆ ಮಜ್ಜಿಗೆಯನ್ನ ಇಳಿಯಲಿಲ್ಲ.

ಮರುದಿನ ಆ ಬಾಲಿಕೆಯನ್ನೂ ಆಕೆಯ ತಾಯಿಯನ್ನೂ ಹೂವು ಕಟ್ಟುವ ನೆಪದಿಂದ ಮನೆಗೆ ಕರೆದು, ನಮ್ಮ ಮನೆಯವರು ಆ ರವಿಕೆಯನ್ನು ತಿರುಗಿಸಿ ನೋಡಿದರು. ಅದು ದೊಡ್ಡಪ್ಪನ ಮಗಳಿಂದ ಬಂದದ್ದು. ಪಕ್ಕದ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಿದ್ದಾಗಿತ್ತು. ಒಳಗಿದ್ದ ಬಟ್ಟೆಯ ಅಂಚಿಗೆ ಯಾವ ಕಟ್ಟೂ ಇಲ್ಲದೆ, ಒಗೆದಂತೆಲ್ಲ ಎಳೆ ಎಳೆಯಾಗಿ ಬಿಚ್ಚಿ, ಕೊನೆಗೆ ಹೊಲಿಗೆಯ ಗೆರೆಯನ್ನೇ ಮುಟ್ಟಿಬಿಟ್ಟಿತ್ತು. ಮತ್ತೆ ಹೊಲಿಯೋಣವೆಂದರೆ ಸೂಜಿ ಹಿಡಿಯುವುದಕ್ಕೆ ಬಟ್ಟೆಯೇ ಇಲ್ಲ. ಅವರು ನಮ್ಮ ಹಳೆಯ ಪಂಚೆಯೊಂದನ್ನು ತೆಗೆದು, ಅದರಿಂದ ಎರಡು ಚೌಕದ ತುಂಡುಗಳನ್ನು ಕತ್ತರಿಸಿ ಎರಡು ಕಂಕುಳುಗಳಲ್ಲಿಯೂ ಸೇರಿಸಿದರು. ತರುವಾಯ ಅದೇ ಪಂಚೆಯಿಂದ ಓರೆಯಾಗಿ ಪಟ್ಟಿ ಕತ್ತರಿಸಿ, ತೋಳಿನ ಹೊಲಿಗೆಯ ಸುತ್ತಲೂ ಅಂಚು ಕಟ್ಟಿದರು. ಪಂಚೆಯೇ ಏಕೆಂದು ಕೇಳಿದ್ದಕ್ಕೆ, “ಹತ್ತು ವರ್ಷ ನೀರು ಕಂಡಿದೆ, ಇನ್ನು ಕುಗ್ಗುವುದಿಲ್ಲ” ಎಂದರು.

ಸೋಮವಾರ ಬಾಲಿಕೆ ಶಾಲೆಗೆ ಬಂದಳು. ನಾವು ಹಲಗೆಗೆ ಕರೆಯಲಿಲ್ಲ. ಕರೆಯುವ ಧೈರ್ಯ ನಮಗಿರಲಿಲ್ಲ. ಕೆಲವು ದಿನಗಳಾದ ಮೇಲೆ ತಾನಾಗಿಯೇ ಕೈಯೆತ್ತಿ ಒಂದು ಪ್ರಶ್ನೆ ಕೇಳಿದಳು. ತಪ್ಪಾಯಿತೆಂದು ನಾವು ಆಗಲಾದರೂ ಹೇಳಬೇಕಾಗಿತ್ತು. ಉಪಾಧ್ಯಾಯನ ಬಾಯಿಗೆ ಆ ಮಾತು ಬರಲಿಲ್ಲ. ಆಕೆ ಹತ್ತನೆಯ ತರಗತಿಯನ್ನು ಮುಗಿಸಿ ಹೊರಟುಹೋದಳು. ಆ ಸಾಲ ಹಾಗೆಯೇ ಉಳಿದಿದೆ.

ಇನ್ನು ವಿಷಯಕ್ಕೆ ಬರೋಣ. ಬಟ್ಟೆಯ ಅಂಚು ಬಿಚ್ಚುವುದೇಕೆ? ನಾವು ಮಾತಿಗೆ ಮುಂಚೆ ‘ಹಾಸುಹೊಕ್ಕಾಗಿದೆ’ ಎನ್ನುವೆವಲ್ಲ, ಅದು ಮಗ್ಗದಿಂದ ಬಂದ ಮಾತು. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಹೊಕ್ಕು ಎಂದರೆ ಲಾಳಿಯೊಡನೆ ಅಡ್ಡಲಾಗಿ ಹೋಗಿಬರುವ ನೂಲು. ಬಟ್ಟೆಯ ಎರಡು ಪಕ್ಕಗಳಲ್ಲಿ ಹೊಕ್ಕಿನ ನೂಲು ಹಾಸನ್ನು ಸುತ್ತಿ ಹಿಂದಿರುಗುವುದರಿಂದ ಅಲ್ಲಿ ಸಹಜವಾದ ಕಟ್ಟು ಏರ್ಪಡುತ್ತದೆ. ಕತ್ತರಿಯ ಬಾಯಿಗೆ ಬಿದ್ದ ಅಂಚಿನಲ್ಲಿ ಆ ತಿರುವಿಲ್ಲ. ಅಲ್ಲಿ ಎಳೆಗಳನ್ನು ಹಿಡಿದಿರುವುದು ಪರಸ್ಪರ ಒತ್ತಡ ಮಾತ್ರ. ನೀರಿನಲ್ಲಿ ಜಾಲಿಸಿ, ಹಿಂಡಿ, ಒದರಿದಂತೆಲ್ಲ ಒಂದೊಂದೇ ಎಳೆ ಜಾರುವುದು. ವಸ್ತ್ರದ ತುದಿಯ ಬಿಡಿ ಎಳೆಗಳಿಗೆ ಸಂಸ್ಕೃತದಲ್ಲಿ ದಶಾ ಎಂದು ಹೆಸರು; ಕನ್ನಡದ ದಶಿ ಎಂಬುದು ಅದರಿಂದಲೇ ಬಂದದ್ದು. ಮನುಷ್ಯನ ಸ್ಥಿತಿಗತಿಗೂ ದಶೆ ಎಂದೇ ಹೆಸರಿರುವುದನ್ನು ವಾಚಕರು ಬಲ್ಲರು. ಉಡುಪಿನ ದಶೆಯಂತೂ ಅದರ ದಶಿಯನ್ನು ಅವಲಂಬಿಸಿದೆಯೆಂಬುದರಲ್ಲಿ ಸಂಶಯವಿಲ್ಲ.

ಎಲ್ಲ ಬಟ್ಟೆಗಳೂ ಒಂದೇ ಸಮನಾಗಿ ಎಳೆ ಬಿಡುವುದಿಲ್ಲ. ಹತ್ತಿಯ ನೂಲು ಸುಮಾರು ಒಂದು ಅಂಗುಲ ಉದ್ದದ ಎಳೆಗಳನ್ನು ಹುರಿಮಾಡಿ ತೆಗೆದದ್ದು. ಅದರ ಮೈ ನವಿರಾದ ರೋಮಗಳಿಂದ ಕೂಡಿ ಒಂದನ್ನೊಂದು ಹಿಡಿದುಕೊಳ್ಳುತ್ತದೆ. ರೇಷ್ಮೆಯ ಗೂಡಿನಿಂದ ಬಿಚ್ಚಿಬರುವ ಎಳೆಯಾದರೋ ನೂರಾರು ಮೀಟರು ಉದ್ದದ ಒಂದೇ ನುಣುಪಾದ ಎಳೆ. ಅದು ಜಾರುವುದು ಸಹಜ. ಪಾಲಿಯೆಸ್ಟರು ಮೊದಲಾದ ಕೃತಕ ನೂಲುಗಳಲ್ಲಿ ಉದ್ದನೆಯ ನುಣ್ಣನೆಯ ಎಳೆಗಳಿಂದಲೇ ಮಾಡಿದವುಗಳ ಪಾಡೂ ಅದೇ. 1912ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕಾರ್ಖಾನೆಯ ರೇಷ್ಮೆಸೀರೆಯೊಡನೆ ಬಂದ ರವಿಕೆಯ ತುಂಡನ್ನಾಗಲಿ, ಗುಳೇದಗುಡ್ಡದ ಖಣವನ್ನಾಗಲಿ ಕತ್ತರಿಸಿ ಒಂದು ದಿನ ಹಾಗೆಯೇ ಇಟ್ಟವರಿಗೆ ಈ ಸಂಗತಿಯನ್ನು ನಾವು ಹೇಳಬೇಕಾಗಿಲ್ಲ. ಬೆಲೆಯುಳ್ಳ ಬಟ್ಟೆಗೇ ಒಳಗಟ್ಟಿನ ಅವಶ್ಯಕತೆ ಹೆಚ್ಚು.

ಕೂಡಿಸುವ ಸ್ಥಳದಲ್ಲಿಯೇ ದುರ್ಬಲತೆ ಹುಟ್ಟುವುದೆಂಬುದನ್ನು ನಮ್ಮ ನೇಕಾರರು ಚೆನ್ನಾಗಿ ಅರಿತಿದ್ದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಅವೆರಡರ ಎಳೆಗಳನ್ನೂ ಕೊಂಡಿ ಕೊಂಡಿಯಾಗಿ ಒಂದರೊಳಗೊಂದು ಸಿಕ್ಕಿಸಿ, ಆಮೇಲೆ ನೇಯ್ಗೆಯನ್ನು ಮುಂದುವರಿಸುವರು. ಅಷ್ಟು ತಾಳ್ಮೆಯ ಕೂಡಿಕೆಯನ್ನು ಹೊಲಿಗೆಯಂತ್ರದಿಂದ ನಿರೀಕ್ಷಿಸಲಾಗದು. ಆದರೆ ಅಂಚನ್ನು ಕಾಪಾಡುವುದು ನಮ್ಮ ಕೈಯಲ್ಲಿದೆ.

ಕಾಪಾಡುವ ಕ್ರಮಗಳು ಮುಖ್ಯವಾಗಿ ಮೂರು. ಶಾಲೆಯಲ್ಲಿ ಕಲಿತ ಮೂರು ಕನ್ನಡ ಸಂಧಿಗಳನ್ನು ವಾಚಕರು ಇಲ್ಲಿ ನೆನೆದುಕೊಂಡರೆ ವಿಷಯ ಸುಲಭವಾಗುವುದು. ಊರು, ಅಲ್ಲಿ ಎಂಬೆರಡು ಸೇರಿ ಊರಲ್ಲಿ ಎಂದಾಗುವಾಗ ನಡುವಣ ಉಕಾರವು ಬಿದ್ದುಹೋಗುವುದು, ಇದು ಲೋಪ. ಮಳೆ, ಕಾಲ ಎಂಬೆರಡು ಸೇರಿ ಮಳೆಗಾಲವಾಗುವಾಗ ಕಕಾರವು ಗಕಾರವಾಗಿ ಮಾರ್ಪಡುವುದು, ಇದು ಆದೇಶ. ಮನೆ, ಅನ್ನು ಎಂಬೆರಡು ಸೇರಿ ಮನೆಯನ್ನು ಎಂದಾಗುವಾಗ ಹೊಸದಾಗಿ ಯಕಾರವೊಂದು ಬಂದು ನಿಲ್ಲುವುದು, ಇದು ಆಗಮ.

ಈಗ ಅಂಗಡಿಗಳಲ್ಲಿ ಸರ್ವತ್ರ ನಡೆಯುವ ಓವರ್‌ಲಾಕ್ ಹೊಲಿಗೆ ಲೋಪದ ಜಾತಿಯದು. ಅದರ ಯಂತ್ರವು ಹೆಚ್ಚಾದ ಬಟ್ಟೆಯನ್ನು ಕತ್ತರಿಸಿಹಾಕುತ್ತ ಅಂಚಿನ ಮೇಲೆ ದಾರದ ಬಲೆಯನ್ನು ಹೆಣೆಯುತ್ತ ಹೋಗುತ್ತದೆ. ಬೇಗ ಮುಗಿಯುವುದು, ವೆಚ್ಚ ಕಡಿಮೆ, ಹಿಗ್ಗುವ ಬನಿಯನಿನ ಬಟ್ಟೆಗಂತೂ ಅದಕ್ಕಿಂತ ಒಳ್ಳೆಯದಿಲ್ಲ. ಅದನ್ನು ನಾವು ದೂಷಿಸುವುದಿಲ್ಲ. ಆದರೆ ಕತ್ತರಿಸಿಹೋದ ಬಟ್ಟೆ ಹೋಯಿತು. ಮುಂದೆ ಉಡುಪನ್ನು ಬಿಚ್ಚಿ ಅಗಲ ಮಾಡುವ ಆಸೆ ಅದರೊಡನೆಯೇ ಹೋಯಿತು. ಎರಡನೆಯದು ಫ್ರೆಂಚ್ ಹೊಲಿಗೆ. ಆದೇಶದಂತೆ ಇಲ್ಲಿ ಅಂಚು ತನ್ನ ಸ್ವರೂಪವನ್ನೇ ಬದಲಿಸುವುದು. ಬಟ್ಟೆಯ ಒಳಮೈಗಳನ್ನು ಎದುರುಬದುರಾಗಿಟ್ಟು ಅಂಚಿನ ಹತ್ತಿರ ಒಮ್ಮೆ ಹೊಲಿದು, ಮಿಕ್ಕಿದ್ದನ್ನು ಸಣ್ಣಗೆ ಕತ್ತರಿಸಿ, ಬಟ್ಟೆಯನ್ನು ತಿರುಗಿಸಿ, ಆ ಅಂಚು ಒಳಗೆ ಅಡಗುವಂತೆ ಮತ್ತೊಮ್ಮೆ ಹೊಲಿಯುವರು. ತೆಳುಬಟ್ಟೆಯ ನೇರ ಹೊಲಿಗೆಗೆ ಇದು ಬಹಳ ಅಂದ; ದಪ್ಪ ಬಟ್ಟೆಯಲ್ಲಿ ಉಂಡೆಗಟ್ಟುವುದು, ತೋಳಿನ ತಿರುವಿನಲ್ಲಿ ತೊಡಕಾಗುವುದು. ಮೂರನೆಯದೇ ನಮ್ಮ ಅಂಚುಪಟ್ಟಿ. ಇಲ್ಲಿ ಯಾವುದನ್ನೂ ಕಳೆಯುವುದಿಲ್ಲ; ಪರಬಟ್ಟೆಯೊಂದು ಬಂದು ಅಂಚನ್ನು ಅಪ್ಪಿಕೊಳ್ಳುವುದು. ನಿಜವಾದ ಆಗಮ.

ಅಂಚುಪಟ್ಟಿಯಲ್ಲಿ ಎರಡು ಬಗೆಗಳುಂಟು. ಅವುಗಳ ಭೇದವನ್ನು ತಿಳಿಯದೆ ಕೆಲಸ ಕೆಡಿಸಿಕೊಳ್ಳುವವರೇ ಹೆಚ್ಚು. ಮೊದಲನೆಯದು ನೇರಪಟ್ಟಿ. ಇದು ಎರಡು ಪಕ್ಕಗಳಲ್ಲಿಯೂ ಅಂಚುಳ್ಳದ್ದಾಗಿ ನೇಯ್ದ, ಅರ್ಧ ಅಂಗುಲ ಅಗಲದ ತೆಳ್ಳನೆಯ ಪಟ್ಟಿ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಟೇಪು ಎಂದು ಕೇಳಿದರೆ ಹತ್ತಿಯದೋ ರೇಯಾನಿನದೋ ಸಿಕ್ಕುವುದು. ಇದು ಹಿಗ್ಗುವುದಿಲ್ಲ. ಎರಡನೆಯದು ಓರೆಪಟ್ಟಿ, ದರ್ಜಿಗಳು ಕ್ರಾಸ್ ಪಟ್ಟಿ ಎನ್ನುವರು. ಬಟ್ಟೆಯ ಒಂದು ಮೂಲೆಯನ್ನು ಹಿಡಿದು, ಹಾಸಿನ ನೂಲು ಹೊಕ್ಕಿನ ನೂಲಿನ ಮೇಲೆ ಬರುವಂತೆ ಮಡಿಸಿದರೆ, ಮಡಿಕೆಯ ಗೆರೆ 45 ಡಿಗ್ರಿಯ ಓರೆಯಲ್ಲಿ ಬೀಳುವುದು. ಆ ಗೆರೆಗೆ ಸಮಾನಾಂತರವಾಗಿ ಕತ್ತರಿಸಿದ ಪಟ್ಟಿಯು ರಬ್ಬರಿನಂತೆ ಬಳುಕಿ, ಯಾವ ತಿರುವಿನಲ್ಲಿಯೂ ಸುಕ್ಕಿಲ್ಲದೆ ಕೂರುವುದು. ಅದರ ಅಂಚು ಎಳೆ ಬಿಡುವುದೂ ಅತ್ಯಲ್ಪ. ಆದಕಾರಣ ಹೊಲಿಗೆ ಹಿಗ್ಗದಂತೆ ತಡೆಯಬೇಕಾದ ಕಡೆ ನೇರಪಟ್ಟಿ, ತಿರುವಿನ ಅಂಚನ್ನು ಮುಚ್ಚಬೇಕಾದ ಕಡೆ ಓರೆಪಟ್ಟಿ ಎಂಬುದನ್ನು ಸೂತ್ರವಾಗಿ ನೆನಪಿಡತಕ್ಕದ್ದು.

ನೇರಪಟ್ಟಿಯಿಂದ ಅಂಚು ಕಟ್ಟುವ ಕ್ರಮ ಹೀಗೆ. ಮೊದಲು ಹೊಲಿಗೆಯನ್ನು ಹಾಕಿ, ಒಳಬಟ್ಟೆಯ ಎರಡು ಪದರಗಳನ್ನೂ ಎರಡು ಕಡೆಗೆ ತೆರೆದು ಇಸ್ತ್ರಿ ಮಾಡಬೇಕು. ಪಟ್ಟಿಯನ್ನು ಉದ್ದಕ್ಕೆ ಮಡಿಸಿ, ಒಂದು ಬದಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಅಗಲವಾಗಿರುವಂತೆ ಒತ್ತಬೇಕು. ಅಗಲದ ಬದಿ ಕೆಳಗೆ, ಕಿರಿದು ಮೇಲೆ ಬರುವಂತೆ ಅಂಚನ್ನು ಆ ಮಡಿಕೆಯೊಳಗೆ ಸೇರಿಸಿ, ಮೇಲಿನ ಬದಿಯ ಅಂಚಿಗೆ ಹತ್ತಿದಂತೆ ಹೊಲಿದರೆ, ಕೆಳಗಿನದೂ ತಾನಾಗಿಯೇ ಸಿಕ್ಕಿಕೊಳ್ಳುವುದು. ಎರಡು ಬದಿಗಳೂ ಸಮನಾಗಿದ್ದರೆ ಕೆಳಗಿನದು ಅಲ್ಲಲ್ಲಿ ಸೂಜಿಗೆ ತಪ್ಪಿಹೋಗುವುದು. ಹೊಸಬರು ಬೇಸರಪಟ್ಟು ಕೈಬಿಡುವುದು ಇಲ್ಲಿಯೇ. ಯಂತ್ರದಿಂದ ಹೊಲಿಯುವ ಮುನ್ನ ಕೈಯಿಂದ ಕಚ್ಚಾ ಹೊಲಿಗೆ ಹಾಕಿಕೊಂಡರೆ ಸಮಯ ಉಳಿಯುವುದೇ ಹೊರತು ಹೋಗುವುದಿಲ್ಲ. ಹೊಲಿಯುವಾಗ ಪಟ್ಟಿಯನ್ನು ಎಳೆಯಕೂಡದು. ಎಳೆದರೆ ಹೊಲಿಗೆಯೆಲ್ಲ ಅಪ್ಪಳದಂತೆ ಮುದುರುವುದು.

ಓರೆಪಟ್ಟಿಯ ಕ್ರಮ ಬೇರೆ. ಒಂದೂಕಾಲು ಅಂಗುಲ ಅಗಲದ ಪಟ್ಟಿಯನ್ನು ಒಳಬಟ್ಟೆಯ ಮೇಲ್ಭಾಗದಲ್ಲಿ ಅಂಚಿಗೆ ಅಂಚು ಸೇರಿಸಿಟ್ಟು ಕಾಲಂಗುಲ ಒಳಗೆ ಹೊಲಿದು, ಅದನ್ನು ಅಂಚಿನ ಮೇಲಿಂದ ಕೆಳಕ್ಕೆ ತಿರುಗಿಸಿ, ಮೊದಲು ಹಾಕಿದ ಹೊಲಿಗೆಯ ಗಾಡಿಯಲ್ಲಿಯೇ ಮತ್ತೊಂದು ಹೊಲಿಗೆ ಹಾಕಬೇಕು. ಕೆಳಗೆ ಉಳಿದ ಪಟ್ಟಿಯ ಅಂಚನ್ನು ಮಡಿಸದೆ ಬಿಟ್ಟರೂ ಓರೆಯಾದುದರಿಂದ ಬಿಚ್ಚದು, ಹೆಚ್ಚಾದುದನ್ನು ಕತ್ತರಿಸಬಹುದು. ಇದಕ್ಕೆ ಹಾಂಗ್‌ಕಾಂಗ್ ಪದ್ಧತಿಯೆಂದು ಹೆಸರು. ಮಡಿಕೆಗಳು ಕಡಿಮೆಯಾದುದರಿಂದ ದಪ್ಪ ಬಟ್ಟೆಗೂ ಒಗ್ಗುವುದು. ಪಟ್ಟಿ ಸಾಲದೆ ಎರಡು ತುಂಡುಗಳನ್ನು ಜೋಡಿಸಬೇಕಾದರೆ ಜೋಡಣೆಯೂ ಓರೆಯಾಗಿಯೇ ಇರತಕ್ಕದ್ದು. ಆಗ ಗಂಟು ಒಂದೇ ಕಡೆ ನಿಲ್ಲುವುದಿಲ್ಲ.

ಇಷ್ಟು ಅಂಚಿನ ರಕ್ಷಣೆಯ ಮಾತಾಯಿತು. ಹೊಲಿಗೆಗೆ ಬಲ ಕೊಡುವುದು ಇದರಿಂದ ಬೇರೆಯಾದ ಕೆಲಸ. ಹೆಗಲಿನ ಹೊಲಿಗೆಯನ್ನು ನೋಡಿರಿ: ಅಲ್ಲಿ ಬಟ್ಟೆ ಸ್ವಲ್ಪ ಓರೆಯಾಗಿ ಕತ್ತರಿಸಲ್ಪಟ್ಟಿರುವುದು, ಉಡುಪಿನ ಭಾರವೆಲ್ಲ ಅದರ ಮೇಲೆ ಬೀಳುವುದು. ಕಾಲಕ್ರಮದಲ್ಲಿ ಅದು ಹಿಗ್ಗಿ ಹೆಗಲು ಜಾರುವುದು. ಹೊಲಿಯುವಾಗಲೇ ಗೆರೆಯ ಮೇಲೆ ನೇರಪಟ್ಟಿಯನ್ನಿಟ್ಟು, ಎರಡು ಪದರ ಬಟ್ಟೆಯೊಡನೆ ಅದನ್ನೂ ಸೇರಿಸಿ ಹೊಲಿದರೆ ಹೆಗಲು ಹಿಗ್ಗದು. ಪಟ್ಟಿಯ ಉದ್ದವನ್ನು ಅಳತೆಯ ಕಾಗದದಿಂದ ತೆಗೆದುಕೊಳ್ಳಬೇಕು. ಆಗಲೇ ಎಳೆದಾಡಿ ಹಿಗ್ಗಿರುವ ಬಟ್ಟೆಯಿಂದಲ್ಲ. ಹೆಣ್ಣುಮಕ್ಕಳ ಫ್ರಾಕಿನಲ್ಲಿ ನಿರಿಗೆಯ ಭಾರವನ್ನು ಹೊರುವ ಸೊಂಟದ ಹೊಲಿಗೆಗೂ ಇದೇ ಕ್ರಮ. ಚೂಡಿದಾರದ ಮೇಲಂಗಿಯಲ್ಲಿ ಪಕ್ಕದ ಸೀಳು ಆರಂಭವಾಗುವ ಮೂಲೆಗೂ, ಜೇಬಿನ ಎರಡು ಮೂಲೆಗಳಿಗೂ ಒಳಗಿನಿಂದ ಒಂದೊಂದು ಸಣ್ಣ ತುಂಡನ್ನು ಇಟ್ಟು ಹೊಲಿದರೆ, ಹರಿಯುವ ಮೊದಲ ಸ್ಥಳಗಳೇ ಗಟ್ಟಿಯಾಗುವುವು. ಕಂಕುಳಿನ ಕೆಳಗಣ ತಿರುವಿಗೆ ಓರೆಪಟ್ಟಿಯೇ ಯೋಗ್ಯ. ಅಲ್ಲಿ ಮೊದಲನೆಯ ಹೊಲಿಗೆಯ ಪಕ್ಕದಲ್ಲಿ, ಒಳಬಟ್ಟೆಯ ಮೇಲೆ, ಇನ್ನೊಂದು ಸಾಲು ಹಾಕಿ, ಎರಡು ಪದರಗಳನ್ನೂ ಒಟ್ಟಿಗೆ ಪಟ್ಟಿಯಿಂದ ಮುಚ್ಚತಕ್ಕದ್ದು. ಕೈಯೆತ್ತಿದಾಗಲೆಲ್ಲ ಎಳೆತ ಬೀಳುವುದು ಅಲ್ಲಿ. ಬೆವರು ನಿಲ್ಲುವುದೂ ಅಲ್ಲಿಯೇ. ಬೆವರು ರೇಷ್ಮೆಯ ಶತ್ರು.

ಪಕ್ಕದ ಹೊಲಿಗೆಯಲ್ಲಿ ಮಾತ್ರ ಎರಡು ಪದರಗಳನ್ನು ಒಟ್ಟಿಗೆ ಕಟ್ಟದೆ ಬೇರೆಬೇರೆಯಾಗಿಯೇ ಕಟ್ಟಬೇಕೆಂದು ನಾವು ಒತ್ತಿ ಹೇಳುವೆವು. ಕಾರಣವನ್ನು ಲೆಕ್ಕ ಮಾಡಿ ನೋಡಿರಿ. ಉಡುಪಿಗೆ ಎರಡು ಪಕ್ಕಗಳು, ಪಕ್ಕಕ್ಕೆ ಎರಡು ಪದರಗಳು, ಒಟ್ಟು ನಾಲ್ಕು. ಪದರಕ್ಕೆ ಒಂದೊಂದು ಅಂಗುಲ ಬಟ್ಟೆಯನ್ನು ಒಳಗೆ ಬಿಟ್ಟಿದ್ದರೆ, ಅರ್ಧರ್ಧ ಅಂಗುಲ ಬಿಚ್ಚಿದಾಗ ಸುತ್ತಳತೆಯಲ್ಲಿ ಎರಡು ಅಂಗುಲ ಹೆಚ್ಚುವುದು. ಬೆಳೆಯುವ ಹುಡುಗಿಗೆ ಅದೇ ರವಿಕೆ ಇನ್ನೊಂದು ವರ್ಷ ಬರುವುದು. ಆದರೆ ಒಳಗೆ ಬಿಟ್ಟ ಬಟ್ಟೆ ಒಂದು ವರ್ಷದ ಒಗೆತದಲ್ಲಿ ಎಳೆ ಎಳೆಯಾಗಿ ಸವೆದಿದ್ದರೆ, ಬಿಚ್ಚಿದರೂ ಸಿಕ್ಕುವುದೇನು? ದಶಿಯ ಕುಚ್ಚು. ಬಟ್ಟೆ ಬಿಡುವುದು ಎಷ್ಟು ಮುಖ್ಯವೋ, ಬಿಟ್ಟದ್ದನ್ನು ಕಾಪಾಡುವುದೂ ಅಷ್ಟೇ ಮುಖ್ಯ. 1994ರಲ್ಲಿ ಆ ಬಾಲಿಕೆಯ ರವಿಕೆಯಲ್ಲಿ ಬಟ್ಟೆಯನ್ನು ಬಿಟ್ಟಿದ್ದರು, ಕಾಪಾಡಿರಲಿಲ್ಲ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಸೀರೆಗೆ ಫಾಲ್ ಹಚ್ಚುವ ಮೊದಲು ಅದನ್ನು ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡುವುದು ನಮ್ಮ ಗೃಹಿಣಿಯರೆಲ್ಲರಿಗೂ ಗೊತ್ತು. ಹತ್ತಿಯ ಅಂಚುಪಟ್ಟಿಗೂ ಅದೇ ಸಂಸ್ಕಾರ ಆಗಬೇಕು; ಇಲ್ಲದಿದ್ದರೆ ಮೊದಲನೆಯ ಒಗೆತಕ್ಕೆ ಪಟ್ಟಿ ಕುಗ್ಗಿ ಉಡುಪನ್ನು ಎಳೆದುಕೊಳ್ಳುವುದು. ಬಣ್ಣದ ಪಟ್ಟಿಯಾದರೆ ಒದ್ದೆಮಾಡಿ ಬಿಳಿಯ ಬಟ್ಟೆಗೆ ಒತ್ತಿ ನೋಡಬೇಕು. ಬಣ್ಣ ಬಿಟ್ಟರೆ ಅದು ಸಮವಸ್ತ್ರಕ್ಕೆ ಬೇಡ. ಪಟ್ಟಿಯು ಬಟ್ಟೆಗಿಂತ ದಪ್ಪವಾಗಿರಕೂಡದು. ಇದ್ದರೆ ಹೊರಗೆ ಗೆರೆ ಏಳುವುದು. ಅಂಗುಲಕ್ಕೆ ಹತ್ತು ಹನ್ನೆರಡು ಹೊಲಿಗೆ ಸಾಕು. ಗಟ್ಟಿಯಾಗಲೆಂದು ಇನ್ನೂ ಒತ್ತೊತ್ತಾಗಿ ಹಾಕಿದರೆ ತೆಳುವಾದ ರೇಷ್ಮೆಯು ಅಂಚೆಚೀಟಿಯ ಹಾಳೆಯಂತೆ ತೂತಿನ ಸಾಲಿನಲ್ಲಿಯೇ ಹರಿಯುವುದು. ದಾರವೂ ಬಟ್ಟೆಗಿಂತ ಬಲವಾಗಿರಬಾರದು. ದಾರ ಕಿತ್ತರೆ ಮತ್ತೆ ಹೊಲಿಯಬಹುದು. ಬಟ್ಟೆ ಹರಿದರೆ ಏನನ್ನು ಹೊಲಿಯುವುದು? ಕಡೆಯದಾಗಿ, ಬಿಗಿಯಾದ ಉಡುಪಿಗೆ ಯಾವ ಪಟ್ಟಿಯೂ ಮದ್ದಲ್ಲ. ಮೈಗೆ ಸಾಲದ ರವಿಕೆಯ ಹೊಲಿಗೆಯನ್ನು ಬಲಪಡಿಸಿದರೆ ಹೊಲಿಗೆ ನಿಂತು ಪಕ್ಕದ ಬಟ್ಟೆ ಹರಿಯುವುದು. ಅಂಥ ಕಡೆ ಕಂಕುಳಲ್ಲಿ ಚೌಕದ ತುಂಡು ಸೇರಿಸುವುದೇ ಸರಿಯಾದ ಉಪಾಯ.

ಇದೆಲ್ಲಕ್ಕೂ ಸಮಯವೆಲ್ಲಿದೆಯೆಂದು ಕೇಳುವವರುಂಟು. ಆಕ್ಷೇಪಣೆ ನ್ಯಾಯವಾದದ್ದೇ. ಪ್ರತಿಯೊಂದು ಉಡುಪಿಗೂ ಹೀಗೆ ಮಾಡಿರೆಂದು ನಾವು ಹೇಳುವುದಿಲ್ಲ. ಮನೆಯಲ್ಲಿ ನಿತ್ಯ ಉಡುವ ನೂಲುಬಟ್ಟೆಗೆ ಓವರ್‌ಲಾಕ್ ಸಾಕು. ಬೆಳೆಯುವ ಮಕ್ಕಳ ಉಡುಪು, ರೇಷ್ಮೆಯ ರವಿಕೆ, ಒಬ್ಬರಿಂದೊಬ್ಬರಿಗೆ ದಾಟಿಬರುವ ಬಟ್ಟೆ, ಇವು ಮೂರಕ್ಕೆ ಮಾತ್ರ ಆಗಲಿ. ಸೀರೆಯ ಕೆಳಗಂಚಿಗೆ ಅಗ್ಗದ ಫಾಲ್ ಹಚ್ಚಿ, ನೆಲದ ಸವೆತವನ್ನೆಲ್ಲ ಅದೇ ತಿನ್ನಲೆಂದು ಬಿಡುವ ನಾವು, ಅದೇ ಸೀರೆಯ ರವಿಕೆಗೆ ಎರಡು ಮೊಳ ಪಟ್ಟಿಯನ್ನು ಕಟ್ಟಲು ಮರೆಯುವುದು ವಿಚಿತ್ರವಲ್ಲವೆ? ದರ್ಜಿಗೆ ಹೊಲಿಯಲು ಕೊಡುವವರು, “ಪಕ್ಕದಲ್ಲಿ ಒಂದು ಅಂಗುಲ ಬಿಡಿ, ಕತ್ತರಿಸಬೇಡಿ, ಪದರಗಳನ್ನು ಬೇರೆಬೇರೆಯಾಗಿ ಕಟ್ಟಿ” ಎಂದು ಮೊದಲೇ ಹೇಳಿ, ಅದಕ್ಕೆ ತಗಲುವ ಕೂಲಿಯನ್ನೂ ಚೌಕಾಸಿಯಿಲ್ಲದೆ ಕೊಡಬೇಕು. ಹೊರಗೆ ಕಾಣದ ಕೆಲಸಕ್ಕೆ ನಾವು ಹಣ ಕೊಡುವುದಿಲ್ಲವೆಂಬ ಅನುಭವದಿಂದಲೇ ಅವರು ಆ ಕೆಲಸವನ್ನು ಬಿಟ್ಟಿರುವರು. ತಪ್ಪು ಅವರೊಬ್ಬರದೇ ಅಲ್ಲ.

ಈ ವಾರದಲ್ಲಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಮನೆಯ ಮಕ್ಕಳ ಶಾಲೆಯ ಉಡುಪುಗಳನ್ನು ಒಳಗು ಹೊರಗಾಗಿ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿರೆಂದು ಗೃಹಿಣಿಯರನ್ನೂ ಗೃಹಸ್ಥರನ್ನೂ ಪ್ರಾರ್ಥಿಸುವೆವು. ಹೊಲಿಗೆಯ ಗೆರೆಯಲ್ಲಿ ಬೆಳಕು ಚುಕ್ಕಿಚುಕ್ಕಿಯಾಗಿ ತೂರಿಬಂದರೆ ಅದು ಪಿಸಿಯುವುದಕ್ಕೆ ಮೊದಲಾಗಿದೆಯೆಂದು ತಿಳಿಯಬೇಕು. ಹೊಸ ಪಟ್ಟಿಯನ್ನು ಕೊಳ್ಳಲೇಬೇಕೆಂದಿಲ್ಲ. ಮೆತ್ತಗಾದ ಹಳೆಯ ಪಂಚೆಯೊಂದು ಯಾವ ಮನೆಯಲ್ಲಿಯೂ ಇದ್ದೇ ಇರುವುದು.

ನಮ್ಮ ವೃತ್ತಿಬಂಧುಗಳಾದ ಉಪಾಧ್ಯಾಯರಿಗೂ ಒಂದು ಮಾತು. ಉತ್ತರ ಬಲ್ಲ ಮಗುವು ಕೈಯೆತ್ತದೆ ಕ್ಷಣಕಾಲ ನಿಂತರೆ, ಗದರಿಸುವುದಕ್ಕೆ ಮುಂಚೆ ಒಂದು ನಿಮಿಷ ತಡೆಯಿರಿ. ನಿಂತಲ್ಲಿಂದಲೇ ಹೇಳೆಂದರೆ ವ್ಯಾಕರಣಕ್ಕೆ ನಷ್ಟವೇನೂ ಇಲ್ಲ. ನಾವು ಹಾಗೆ ಹೇಳಲಿಲ್ಲ. ಆದುದರಿಂದಲೇ ಇದನ್ನು ಬರೆಯಬೇಕಾಯಿತು.